ಇಲಿಗೆ ಐಸೋಫ್ಲೂರೇನ್ ಕೊಟ್ಟ ಮೇಲೆ ನೋವಿನ ಮದ್ದು ಬೇರೆ ಬೇಕಾ?

ಲ್ಯಾಬ್‌ನಲ್ಲಿ ಚಿಕ್ಕ ಇಲಿಯ (ಮೌಸ್) ಹೊಟ್ಟೆ ಆಪರೇಷನ್ ಮಾಡುವ ನೀವು ಹೀಗೆ ಬರೆದು ಕೇಳಿದ್ದೀರಿ. ಬೇಕೇ ಬೇಕು. ಐಸೋಫ್ಲೂರೇನ್ ಎಂಬ ಅರಿವಳಿಕೆ ಗ್ಯಾಸ್ ಇಲಿಯ ಪ್ರಜ್ಞೆ ತಪ್ಪಿಸುತ್ತದೆ ಅಷ್ಟೇ, ನೋವನ್ನು ಕಳೆಯುವುದಿಲ್ಲ. ಗ್ಯಾಸ್ ನಿಲ್ಲಿಸಿದ ಕೆಲವೇ ನಿಮಿಷಕ್ಕೆ ಇಲಿ ಎದ್ದು ಕೂರುತ್ತದೆ. ಹೊಟ್ಟೆಯ ಹೊಲಿಗೆ ಆಗಲೂ ಹಸಿಯಾಗೇ ಇರುತ್ತದೆ ಅಲ್ವಾ?

ನಾನು ಲ್ಯಾಬ್ ಪ್ರಾಣಿಗಳ ಆಪರೇಷನ್ ಕೆಲಸದಲ್ಲೇ ಇರುವವನು. ನಾವು ಬ್ಲೇಡ್ ಹಿಡಿಯುವ ಅರ್ಧ ಗಂಟೆ ಮೊದಲೇ ಬ್ಯುಪ್ರೆನಾರ್ಫಿನ್ ಎಂಬ ಅಫೀಮು ಬಗೆಯ ನೋವಿನ ಮದ್ದನ್ನು ಚರ್ಮದಡಿ ಕೊಟ್ಟಿರುತ್ತೇವೆ. ಸಾಮಾನ್ಯವಾಗಿ ಕೆಜಿ ತೂಕಕ್ಕೆ 0.05ರಿಂದ 0.1 ಮಿಗ್ರಾಂ. ಜೊತೆಗೆ ಕೆಜಿಗೆ 5 ಮಿಗ್ರಾಂ ಮೆಲಾಕ್ಸಿಕಾಮ್, ಇದು ಉರಿಯೂತವನ್ನೂ ತಗ್ಗಿಸುವ ನೋವಿನ ಮದ್ದು. ನಾಯಿಯ ಡೋಸ್ ನೋಡಿದವರಿಗೆ ಇದು ವಿಪರೀತ ಜಾಸ್ತಿ ಅನಿಸುತ್ತದೆ. ಆದರೆ ಇಲಿಯ ಮೈ ಮದ್ದನ್ನು ಬಹಳ ಬೇಗ ಖರ್ಚು ಮಾಡಿಬಿಡುತ್ತದೆ. ಸಾದಾ ಬ್ಯುಪ್ರೆನಾರ್ಫಿನ್ ಕೆಲವೇ ಗಂಟೆ ಕೆಲಸ ಮಾಡುತ್ತದೆ. ಸಂಜೆ ಒಂದು ಇಂಜೆಕ್ಷನ್ ಕೊಟ್ಟು ಮನೆಗೆ ಹೋದರೆ ರಾತ್ರಿಯ ನೋವು ಇಲಿಯ ಪಾಲಿಗೆ. ನಿಧಾನವಾಗಿ ಬಿಡುಗಡೆಯಾಗುವ ಬಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಎರಡು ಮೂರು ದಿನ ನಡೆಯುತ್ತದೆ. ಕುಡಿಯುವ ನೀರಿಗೆ ಮದ್ದು ಬೆರೆಸಿ ಸುಮ್ನೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಆಪರೇಷನ್ ಆದ ಇಲಿ ನೀರನ್ನೇ ಸರಿಯಾಗಿ ಕುಡಿಯುವುದಿಲ್ಲ.

‘ನೋವಿನ ಮದ್ದು ಡೇಟಾ ಕೆಡಿಸುತ್ತದೆ’ ಎಂದು ನಿಮ್ಮ ಗೈಡ್ ಹೇಳಿದ್ದಾರೆ ಅಂತ ಬರೆದಿದ್ದೀರಿ. ನೋವು ಕೆಡಿಸುವುದಿಲ್ಲವೇ? ನೋವಿರುವ ಇಲಿ ತಿನ್ನುವುದಿಲ್ಲ, ತೂಕ ಇಳಿಯುತ್ತದೆ, ಒತ್ತಡದ ಹಾರ್ಮೋನು ಏರುತ್ತದೆ. ಅದೂ ನಿಮ್ಮ ಲೆಕ್ಕದೊಳಗೇ ಬರುತ್ತದೆ. ಕಂಟ್ರೋಲ್ ಗುಂಪಿಗೂ ಅದೇ ಮದ್ದು ಕೊಡಿ, ಹೋಲಿಕೆ ಸರಿಹೋಗುತ್ತದೆ. ನಿಮ್ಮ ವಿಷಯವೇ ಉರಿಯೂತವಾಗಿದ್ದರೆ ಮಾತ್ರ ಗೈಡ್ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆಗ ಮೆಲಾಕ್ಸಿಕಾಮ್ ಬಿಟ್ಟು, ಬ್ಯುಪ್ರೆನಾರ್ಫಿನ್ ಜೊತೆ ಗಾಯದ ಜಾಗವನ್ನಷ್ಟೇ ಮರಗಟ್ಟಿಸುವ ಬ್ಯುಪಿವಕೇನ್ ಹಾಕುವ ದಾರಿ ನೋಡಿ. ಎಲ್ಲವನ್ನೂ ಬಿಟ್ಟುಬಿಡಲು ಅದು ಕಾರಣವಲ್ಲ.

ಇಲಿ ಬೇಟೆಗೆ ಸಿಗುವ ಪ್ರಾಣಿ, ನೋವನ್ನು ಮುಚ್ಚಿಡುತ್ತದೆ. 2010ರಲ್ಲಿ ಬಂದ ಗ್ರಿಮೇಸ್ ಸ್ಕೇಲ್ ಅದರ ಮುಖ ಓದುವುದನ್ನು ಕಲಿಸಿತು: ಕಿರಿದಾದ ಕಣ್ಣು, ಉಬ್ಬಿದ ಮೂಗು ಮತ್ತು ಕೆನ್ನೆ, ಹಿಂದಕ್ಕೆ ಹೋದ ಕಿವಿ, ಜಾಗ ಬದಲಿಸಿದ ಮೀಸೆ. ಅರಿವಳಿಕೆಯಿಂದ ಈಗಷ್ಟೇ ಎದ್ದ ಇಲಿಯ ಮುಖವನ್ನು ಮಾತ್ರ ನಂಬಬೇಡಿ, ಗ್ಯಾಸಿನ ಮಂಪರೂ ಹಾಗೇ ಕಾಣಿಸುತ್ತದೆ. ಮರುದಿನ ಗೂಡು ಕಟ್ಟಿದೆಯಾ ಅಂತಲೂ ನೋಡಿ. ನನಗೆ ಅದರ ಮೇಲೆ ನಂಬಿಕೆ ಜಾಸ್ತಿ.

ಬಿಸಿ ಪ್ಯಾಡ್ ಇಲ್ಲದೆ ಶುರುಮಾಡಲೇಬೇಡಿ, 25 ಗ್ರಾಂ ಮೈ ನೋಡನೋಡುತ್ತಲೇ ತಣ್ಣಗಾಗುತ್ತದೆ. ಕಣ್ಣಿಗೆ ಮುಲಾಮು ಹಚ್ಚಿ. ಕಾಲ್ಬೆರಳು ಚಿವುಟಿದಾಗ ಕಾಲು ಎಳೆದುಕೊಳ್ಳದಿದ್ದರೆ ಮಾತ್ರ ಕೊಯ್ಯಿರಿ.

ಡೋಸನ್ನು ನಿಮ್ಮ ಸಂಸ್ಥೆಯ ಪಶುವೈದ್ಯರ ಹತ್ತಿರ ಒಮ್ಮೆ ಖಚಿತ ಮಾಡಿಕೊಳ್ಳಿ. ಒಪ್ಪಿಗೆ ಸಿಕ್ಕ ಪ್ರೋಟೋಕಾಲ್‌ನಲ್ಲಿ (ಪ್ರಯೋಗದ ಲಿಖಿತ ಯೋಜನೆಯಲ್ಲಿ) ಈ ಮದ್ದುಗಳ ಹೆಸರಿಲ್ಲದಿದ್ದರೆ, ಮುಂದಿನ ಆಪರೇಷನ್‌ಗೆ ಮೊದಲೇ ತಿದ್ದುಪಡಿಗೆ ಅರ್ಜಿ ಹಾಕಿ.