ಹಳೆಯ ಸಿಎನ್‌ಸಿ ರೂಟರ್‌ಗೆ ಹೊಸ ಬೋರ್ಡ್ ಹಾಕಿದರೆ ಸಾಕೇ?

ನಿಮ್ಮ ಮಾವ ಹತ್ತು ವರ್ಷದ ಹಿಂದೆ ಮನೆಯಲ್ಲೇ ಕಟ್ಟಿದ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಆಜ್ಞೆಯಂತೆ ಮರ ಕೊರೆಯುವ ಯಂತ್ರ) ಚಿತ್ರದುರ್ಗದ ನಿಮ್ಮ ಮನೆಯಲ್ಲಿ ಮೂಲೆ ಹಿಡಿದಿದೆ, ಚೌಕಟ್ಟು ಮರದ ನಾರು ಒತ್ತಿ ಮಾಡಿದ ಎಂಡಿಎಫ್, ಅಕ್ಷಗಳನ್ನು ಸರಿಸುವ ಸ್ಕ್ರೂ ಎಂದರೆ ಮಾಮೂಲಿ ಎಂ8 ಥ್ರೆಡ್ ರಾಡ್ ಎಂದು ಬರೆದಿದ್ದೀರಿ. ಹೊಸ ಕಂಟ್ರೋಲರ್ ಬೋರ್ಡ್ ಹಾಕಿದರೆ ಸರಿಹೋಗುತ್ತದೆಯೇ, ಇಲ್ಲವೇ ಗುಜರಿಗೆ ಕೊಡಬೇಕೇ ಎಂಬುದು ನಿಮ್ಮ ಪ್ರಶ್ನೆ.

ಗುಜರಿಗೆ ಖಂಡಿತ ಕೊಡಬೇಡಿ. ಬೋರ್ಡನ್ನೂ ಈಗಲೇ ಕೊಳ್ಳಬೇಡಿ. ಮೊದಲು ಸಣ್ಣ ಅಂತರವನ್ನೂ ಮುಳ್ಳಿನಲ್ಲಿ ತೋರಿಸುವ ಒಂದು ಡಯಲ್ ಗೇಜ್ ತನ್ನಿ.

ನಾನು ದಾವಣಗೆರೆಯಲ್ಲಿ ಬಾಗಿಲು, ದೇವರ ಮಂಟಪಗಳ ಕೆತ್ತನೆ ಮಾಡುತ್ತೇನೆ. ಇಂಥದೇ ಯಂತ್ರ ಕೈಗೆ ಬಂದಾಗ ಪ್ಯಾರಲಲ್ ಪೋರ್ಟ್‌ನ ಹಳೆಯ ಕಂಪ್ಯೂಟರ್ ತೆಗೆದು, ಆರ್ಡುಯಿನೋ ಎಂಬ ಪುಟ್ಟ ಬೋರ್ಡಿನ ಮೇಲೆ ಯಂತ್ರ ನಡೆಸುವ ಜಿಆರ್‌ಬಿಎಲ್ ತಂತ್ರಾಂಶ ಕೂರಿಸಿದೆ. ಮೋಟಾರುಗಳು ನುಣ್ಣಗೆ ತಿರುಗಿದವು. ತೇಗದ ಹಲಗೆಯಲ್ಲಿ ಕೊರೆದ ವೃತ್ತ ಮಾತ್ರ ನಾಲ್ಕು ದಿಕ್ಕಿನಲ್ಲೂ ಚಪ್ಪಟೆ! ಆ ಹಲಗೆ ಹಾಳಾದದ್ದು ಇವತ್ತಿಗೂ ನೋವು. ತಪ್ಪು ಬೋರ್ಡಿನದಲ್ಲ, ಸ್ಕ್ರೂ ಮೇಲೆ ಓಡುವ ನಟ್ಟಿನ ಸಡಿಲಿನದು.

ಅದನ್ನು ಅಳೆಯುವುದು ಹೀಗೆ. ಗೇಜ್ ತಾಗಿಸಿ, ಅಕ್ಷವನ್ನು ಒಂದೇ ದಿಕ್ಕಿಗೆ ಸ್ವಲ್ಪ ಸರಿಸಿ, ಮುಳ್ಳನ್ನು ಸೊನ್ನೆಗೆ ತನ್ನಿ. ಈಗ 1 ಮಿ.ಮೀ. ಹಿಂದಕ್ಕೆ ಬರಲು ಆಜ್ಞೆ ಕೊಡಿ. ಮುಳ್ಳು 0.6 ತೋರಿಸಿದರೆ 0.4 ಮಿ.ಮೀ. ಸಡಿಲಿದೆ ಎಂದರ್ಥ. ಆಮೇಲೆ ಚೌಕಟ್ಟು ಎಷ್ಟು ಬಾಗುತ್ತದೆಂದು ತಿಳಿಯಲು, ಕಟರ್ ತಿರುಗಿಸುವ ಸ್ಪಿಂಡಲ್‌ನ ತುದಿಯನ್ನು ಕೈಯಿಂದ ಒತ್ತಿ, ಮುಳ್ಳು ಎಷ್ಟು ಓಡುತ್ತದೆ ನೋಡಿ. ಮಳೆಗಾಲದ ತೇವಕ್ಕೆ ಎಂಡಿಎಫ್ ಉಬ್ಬುತ್ತದೆ, ಅದನ್ನು ಬಿಗಿದ ಸ್ಕ್ರೂಗಳ ತೂತುಗಳು ಹಿಗ್ಗುತ್ತವೆ. ಹಾಗಾಗಿ ಗ್ಯಾಂಟ್ರಿ (ಸ್ಪಿಂಡಲ್ ಹೊತ್ತ ಅಡ್ಡತೊಲೆ) ಮತ್ತು ಅದರ ಎರಡು ಕಾಲುಗಳನ್ನು ಅಲ್ಯೂಮಿನಿಯಂ ಅಥವಾ ಉಕ್ಕಿಗೆ ಬದಲಿಸಿ. ಮೇಜಿನ ಹಲಗೆ ಎಂಡಿಎಫ್ ಆಗಿಯೇ ಇರಲಿ, ಕೊನೆಗೆ ಯಂತ್ರದ ಕಟರ್‌ನಿಂದಲೇ ಅದನ್ನು ಸಮತಟ್ಟು ಮಾಡಿಕೊಳ್ಳಬಹುದು.

ಸಡಿಲು ತಗ್ಗಿಸಲು, ವೇಗ ಹೆಚ್ಚಿಸಲು ಹಣ ಸುರಿಯಬೇಕಾದ ಜಾಗ ಸ್ಕ್ರೂ. ಎಂ8 ರಾಡ್ ಒಂದು ಸುತ್ತಿಗೆ 1.25 ಮಿ.ಮೀ. ಮಾತ್ರ ಸರಿಸುತ್ತದೆ, ನಟ್ಟಿನೊಳಗೆ ಗುಂಡುಗಳು ಉರುಳುವ 1605 ಬಾಲ್ ಸ್ಕ್ರೂ 5 ಮಿ.ಮೀ. ಮೋಟಾರು ನಿಮಿಷಕ್ಕೆ 600 ಸುತ್ತು ತಿರುಗಿದರೆ ಮೊದಲನೆಯದರಲ್ಲಿ ವೇಗ 750 ಮಿ.ಮೀ., ಎರಡನೆಯದರಲ್ಲಿ 3,000. ನಿಧಾನವಾಗಿ ಸರಿಯುವ ಕಟರ್ ಮರವನ್ನು ಕತ್ತರಿಸುವ ಬದಲು ಉಜ್ಜುತ್ತದೆ, ಅಂಚು ಕಪ್ಪಾಗುತ್ತದೆ. ಬಾಲ್ ಸ್ಕ್ರೂವಿನ ಮೇಲ್ಪದರ ಗಟ್ಟಿ, ತುದಿ ಕಡೆಯಲು ಕಾರ್ಬೈಡ್ ಟೂಲ್ ಬೇಕು. ನನ್ನದನ್ನು ಹರಿಹರದ ಹಿರಿಯ ಟರ್ನರ್ ಒಬ್ಬರು ಮಾಡಿಕೊಟ್ಟರು. ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ತಯಾರಾಗುತ್ತಿದ್ದ ಊರದು. ಕಾರ್ಖಾನೆ ಮುಚ್ಚಿದೆ, ಕೈಹದ ಮಾತ್ರ ಅಲ್ಲಿನ ಹಿರಿಯರಲ್ಲಿ ಹಾಗೆಯೇ ಇದೆ. ಬೇರಿಂಗ್ ಕೂರುವ ಜಾಗವನ್ನು ಅವರು ಬೆರಳಲ್ಲಿ ಸವರಿ ನೋಡುತ್ತಿದ್ದ ರೀತಿ ನಾನು ಮರೆಯಲಾರೆ.

ಎಕ್ಸ್ ಮತ್ತು ವೈ ಅಕ್ಷಗಳ ಮೂಲೆಮಟ್ಟ ನೋಡಲು ಒಂದೇ ಬಿಂದುವಿನಿಂದ ಒಂದು ಅಕ್ಷದ ಉದ್ದಕ್ಕೆ 300, ಇನ್ನೊಂದರ ಉದ್ದಕ್ಕೆ 400 ಮಿ.ಮೀ. ದೂರದಲ್ಲಿ ಗುರುತು ಹಾಕಿಸಿ. ಆ ಎರಡು ಗುರುತುಗಳ ನಡುವೆ 500 ಬರಬೇಕು.

ಬೋರ್ಡು ಇಷ್ಟಾದ ಮೇಲೆ. ಆರ್ಡುಯಿನೋ ಸಾಕು. ಒಂದು ಸುತ್ತಿಗೆ 200 ಹೆಜ್ಜೆ ಇಡುವ ಸ್ಟೆಪ್ಪರ್ ಮೋಟಾರಿಗೆ 8 ಮೈಕ್ರೋಸ್ಟೆಪ್ (ಪ್ರತಿ ಹೆಜ್ಜೆಯಲ್ಲಿ 8 ಪಾಲು) ಇಟ್ಟರೆ 5 ಮಿ.ಮೀ. ಸ್ಕ್ರೂವಿಗೆ ಜಿಆರ್‌ಬಿಎಲ್‌ನಲ್ಲಿ ಪ್ರತಿ ಮಿ.ಮೀ.ಗೆ 320 ಎಂದು ತುಂಬಿ. ಕರೆಂಟ್ ಇರುವಾಗ ಮೋಟಾರಿನ ತಂತಿಯನ್ನು ಎಂದೂ ಕೀಳಬೇಡಿ, ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಸುಟ್ಟುಹೋಗಬಹುದು.

ಹಳೆಯ ಮೋಟಾರುಗಳನ್ನು ಎಸೆಯಬೇಡಿ, ಸ್ಟೆಪ್ಪರ್‌ಗಳು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಅವುಗಳ ಮೇಲಿನ ಚೀಟಿಯ ಫೋಟೊ ಹಾಕಿ. ಆಂಪಿಯರ್ ನೋಡಿ, ಯಾವ ಡ್ರೈವರ್ ಹೊಂದುತ್ತದೆ ಎಂದು ಹೇಳುತ್ತೇನೆ.