ತಾರಸಿಗಿಟ್ಟ ಫ್ಲೈಟ್ರ್ಯಾಪ್ ಸುಟ್ಟೋಯ್ತು, ಏನ್ ಮಾಡ್ಲಿ?

ಪ್ರಶ್ನೆ: ನಮಸ್ತೆ ಮೇಡಂ, ಮಗಳ ಬರ್ತ್‌ಡೇಗೆ ಅಂತ ಆನ್‌ಲೈನ್‌ನಲ್ಲಿ ವೀನಸ್ ಫ್ಲೈಟ್ರ್ಯಾಪ್ (ಹುಳ ಹಿಡಿದು ತಿನ್ನೋ ಗಿಡ) ತರಿಸಿದ್ವಿ, ಹಾಲ್ ಕಿಟಕಿ ಹತ್ರ ಚೆನ್ನಾಗೇ ಇತ್ತು. ಇದಕ್ಕೆ ಫುಲ್ ಬಿಸಿಲು ಬೇಕು ಅಂತಾರಲ್ಲ ಅಂತ ಏಪ್ರಿಲ್‌ನಲ್ಲಿ ತಾರಸಿ ಮೇಲಿಟ್ರೆ ಎರಡೇ ದಿನಕ್ಕೆ ಎಲೆಯೆಲ್ಲ ಬೆಳ್ಳಗಾಗಿ ಕಂದು ತಿರುಗಿದೆ. ಬಿಸಿಲು ಬೇಕೋ ಬೇಡ್ವೋ? ಗಿಡ ಹೋಯ್ತಾ?
– ಓದುಗರು, ದಾವಣಗೆರೆ

ಉತ್ತರ: ಬಿಸಿಲು ಬೇಕೇ ಬೇಕು. ಅಮೆರಿಕದ ನಾರ್ತ್ ಮತ್ತು ಸೌತ್ ಕೆರೊಲಿನಾ ಕರಾವಳಿ ಕಡೆಯ ಜೌಗು ಬಯಲಲ್ಲಿ, ಹೆಚ್ಚು ನೆರಳಿಲ್ಲದ ಜಾಗದಲ್ಲಿ ಬೆಳೆಯೋ ಗಿಡ ಇದು. ಆದ್ರೆ ನಿಮಗೆ ಬಂದಿರೋದು ಬಹುಶಃ ಟಿಶ್ಯೂ ಕಲ್ಚರ್ ಗಿಡ, ಲ್ಯಾಬ್ ಬಾಟಲಿಯಿಂದ ಶೇಡ್‌ನೆಟ್‌ಗೆ, ಅಲ್ಲಿಂದ ನಿಮ್ಮ ಕಿಟಕಿಗೆ ಬಂದಿದೆ, ಗಾಜು ಬೇರೆ ಬಿಸಿಲಲ್ಲಿರೋ ಯುವಿ-ಬಿ ಅನ್ನೋ ಕಣ್ಣಿಗೆ ಕಾಣದ ಕಿರಣನ ಬಹುಪಾಲು ತಡೆದುಬಿಡುತ್ತೆ, ಹಾಗಾಗಿ ಎಲೆ ತೆಳ್ಳಗೆ, ಕೆಂಪು ಬಣ್ಣ ಇಲ್ದೇ ಬೆಳೆದಿರುತ್ತೆ. ಅಂಥ ಎಲೆ ಎಷ್ಟು ನಿಧಾನ ಮಾಡಿದ್ರೂ ಪೂರ್ತಿ ಒಗ್ಗಲ್ಲ, ಬಿಸಿಲಲ್ಲೇ ಹುಟ್ಟಿದ ಹೊಸ ಎಲೆ ಬರೋವರೆಗೂ ಗೆಡ್ಡೆ ಬದುಕಿರಬೇಕು ಅಷ್ಟೇ. ಮೇಲಿನ ಪಾಚಿ ಸ್ವಲ್ಪ ಸರಿಸಿ ಬುಡ ಮುಟ್ಟಿ ನೋಡಿ, ಬೆಳ್ಳಗೆ ಗಟ್ಟಿಯಾಗಿದ್ರೆ ಗಿಡ ಇದೆ, ಕಪ್ಪಗೆ ಮೆತ್ತಗಾಗಿದ್ರೆ ಹೋದಂಗೇ.

ನನಗೆ ಬಿಸಿಲಿಗಿಂತ ಕುಂಡದ ಮೇಲೇ ಜಾಸ್ತಿ ಅನುಮಾನ. ಆನ್‌ಲೈನ್ ಗಿಡ ಸಾಮಾನ್ಯವಾಗಿ ಪುಟ್ಟ ಕಪ್ಪು ಪ್ಲಾಸ್ಟಿಕ್ ಪಾಟ್‌ನಲ್ಲೇ ಬರೋದು, ಅದನ್ನ ಕಾದ ಸಿಮೆಂಟ್ ಮೇಲಿಟ್ರೆ ಬೇರು ಬೆಂದೇ ಹೋಗುತ್ತೆ. ದೊಡ್ಡ ಬಿಳಿ ಪಾಟ್ ಅಥವಾ ಹಳೇ ಥರ್ಮಕೋಲ್ ಡಬ್ಬ ತಗೊಳ್ಳಿ, ಕೆಳಗೆ ಎರಡು ಇಟ್ಟಿಗೆ ಕೊಡಿ, ತಟ್ಟೆಯಲ್ಲಿ ಅರ್ಧ ಇಂಚು ನೀರು ಸದಾ ಇರಲಿ.

ಈಗ ಪೂರ್ವದ ಕಡೆ ಇಟ್ಟು ಬೆಳಿಗ್ಗೆ 7ರಿಂದ 8ರವರೆಗಿನ ಬಿಸಿಲು ಮಾತ್ರ ಕೊಡಿ, ಹೊಸ ಎಲೆ ಬಿಚ್ಚಿದ ಮೇಲೆ ವಾರಕ್ಕೊಂದು ಗಂಟೆ ಜಾಸ್ತಿ ಮಾಡ್ತಾ ಹೋಗಿ. ಟ್ರ್ಯಾಪ್ (ಹುಳ ಹಿಡಿಯೋ ಎಲೆಬಾಯಿ) ಒಳಗೆ ನಿಧಾನಕ್ಕೆ ಕೆಂಪಾಗ್ತಿದ್ರೆ ಸರಿದಾರಿ, ರಾತ್ರೋರಾತ್ರಿ ಬಿಳಿ ಮಚ್ಚೆ ಬಂದ್ರೆ ಒಂದು ಹೆಜ್ಜೆ ಹಿಂದೆ ಸರೀರಿ. ನಿಮ್ಮೂರಲ್ಲಿ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನಕ್ಕೆ 50 ಪರ್ಸೆಂಟ್ ಶೇಡ್‌ನೆಟ್ ಹಾಕ್ಲೇಬೇಕು. ನಿಜ ಹೇಳ್ಬೇಕಂದ್ರೆ ಗಿಡ ಹೊರಗೆ ತರೋಕೆ ಒಳ್ಳೇ ಟೈಮ್ ಜೂನ್, ಮೋಡನೇ ನಿಮ್ಮ ಅರ್ಧ ಕೆಲಸ ಮಾಡಿಕೊಡುತ್ತೆ.

ಬೋರ್‌ವೆಲ್ ನೀರು ಬೇಡ, ಮಳೆ ನೀರೋ ಎಸಿಯಿಂದ ತೊಟ್ಟಿಕ್ಕೋ ನೀರೋ ಹಾಕಿ, ಆರ್‌ಒ ಆದ್ರೆ ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಅಳತೆ) 50ರ ಒಳಗಿರಲಿ. ಗೊಬ್ಬರ ಅಂತೂ ಚಿಟಿಕೆಯೂ ಬೇಡ. ಮಗಳಿಗೆ ಬೆರಳು ಹಾಕಿ ಟ್ರ್ಯಾಪ್ ಮುಚ್ಚಿಸೋ ಆಟ ಸ್ವಲ್ಪ ದಿನ ನಿಲ್ಲಿಸು ಅನ್ನಿ (ಕಷ್ಟ, ಗೊತ್ತು), ಸುಮ್ನೆ ಮುಚ್ಚಿ ತೆರೆಯೋದ್ರಲ್ಲೇ ಗಿಡ ಸುಸ್ತಾಗುತ್ತೆ. ಇನ್ನೊಂದು, ಇದಕ್ಕೆ ಚಳಿಗಾಲದ ನಿದ್ದೆ ಬೇಕು, ಮೂರು ತಿಂಗಳಾದ್ರೂ 10 ಡಿಗ್ರಿ ಆಸುಪಾಸಿನ ತಂಪು, ನಮ್ಮ ಬಯಲುಸೀಮೆಯಲ್ಲಿ ಅದು ಸಿಗಲ್ಲ, ಹಾಗಾಗಿ ವರ್ಷದಿಂದ ವರ್ಷಕ್ಕೆ ಸೊರಗುತ್ತೆ. ಶೆಕೆ ತಡೆಯೋ ಕೀಟಾಹಾರಿ ಗಿಡನೇ ಬೇಕಂದ್ರೆ ಡ್ರೊಸೆರಾ ಬರ್ಮಾನಿ ಬೀಜ ತರಿಸಿ, ನಮ್ಮ ರಾಜ್ಯದಲ್ಲೇ ತೇವದ ಬಯಲಲ್ಲಿ ತಾನಾಗೇ ಬೆಳೆಯುತ್ತೆ. ಬಯಲಿಂದ ಕಿತ್ಕೊಂಡು ಮಾತ್ರ ಬರಬೇಡಿ.

ಪ್ರಶ್ನೆ: ನರ್ಸರಿಯಿಂದ ತಂದ ಹೂಜಿ ಗಿಡನ (ಪಿಚರ್ ಪ್ಲಾಂಟ್) ಬಾಲ್ಕನಿಯಲ್ಲಿ ನೇತು ಹಾಕಿದೀನಿ, ಹೂಜಿಗಳೆಲ್ಲ ಒಣಗ್ತಿವೆ. ಇದನ್ನೂ ಬಿಸಿಲಿಗೆ ಒಗ್ಗಿಸ್ಬೇಕಾ?
– ಓದುಗರು, ಮೈಸೂರು

ಉತ್ತರ: ಅಷ್ಟೊಂದು ಬೇಡ. ನಮ್ಮ ದೇಶದ ಒಂದೇ ಒಂದು ಹೂಜಿ ಗಿಡ ಮೇಘಾಲಯದ ಬೆಟ್ಟಗಳಲ್ಲಿರೋದು, ನರ್ಸರಿಯವರು ಕೊಡೋದು ಹೆಚ್ಚಾಗಿ ವೆಂಟ್ರಾಟಾ ಅನ್ನೋ ಹೈಬ್ರಿಡ್, ಎರಡಕ್ಕೂ ಬೆಳಗಿನ ಎರಡು ಗಂಟೆ ಬಿಸಿಲು, ಆಮೇಲೆ ಬೆಳಕಿರೋ ನೆರಳು ಸಾಕು. ಜಾಗ ಬದಲಾದಾಗ ಹಳೇ ಹೂಜಿ ಒಣಗೋದು ಮಾಮೂಲು, ಒಣಗಿದ್ದಷ್ಟೇ ಕತ್ತರಿಸಿ, ಹಸಿರೆಲೆ ಬಿಡಿ. ತಟ್ಟೆಯಲ್ಲಿ ನೀರು ನಿಲ್ಲಿಸ್ಬೇಡಿ. ಎಲೆ ತುದಿಯ ಬಳ್ಳಿ ಊದಿಕೊಳ್ಳೋಕೆ ಶುರುವಾದ್ರೆ ಆಮೇಲೆ ಗಿಡನ ಅಲ್ಲಿಂದ ಕದಲಿಸಬೇಡಿ.