20.00 ಮಿ.ಮೀ. ವ್ಯಾಸ ಇರೋ ಬುಷ್ಷು ಕ್ಯಾಮೆರಾದಲ್ಲಿ 19.80 ಯಾಕೆ?

ಅಣ್ಣಾ, ಅಳತೆ ಹೇಳೋ ಸಾಫ್ಟ್‌ವೇರ್‌ನ ಬೈಬೇಡಿ, ಅದು ಕಂಡಿದ್ದನ್ನ ಕಂಡ ಹಾಗೇ ಹೇಳ್ತಿದೆ. ನೀವು ಬರೆದಿದ್ದು ಇಷ್ಟು: ತುಮಕೂರಿನ ವಸಂತನರಸಾಪುರದ ಶೆಡ್ಡಲ್ಲಿ ಬುಷ್ಷಿನ (ಕೊಳವೆ ಥರದ ಲೋಹದ ತುಂಡಿನ) ವ್ಯಾಸ ಮೇಲಿಂದ ಅಳೆಯೋಕೆ 25 ಮಿ.ಮೀ. ಲೆನ್ಸು, 1440 ಪಿಕ್ಸೆಲ್ ಅಗಲದ ಕ್ಯಾಮೆರಾ, ಮಾಲಿನ ಕೆಳಗಡೆಯಿಂದ ಬೆಳಕು ಕೊಡೋ ಬ್ಯಾಕ್‌ಲೈಟು. 12 ಮಿ.ಮೀ. ಎತ್ತರದ ಮಾಸ್ಟರ್ ಬುಷ್ (ಅಳತೆ ಖಚಿತವಾಗಿ ಗೊತ್ತಿರೋ ಬುಷ್) ನಿಲ್ಲಿಸಿ 20.00ಕ್ಕೆ ಕ್ಯಾಲಿಬ್ರೇಟ್ ಮಾಡಿದ್ರಿ, ಅಂದ್ರೆ ಇಷ್ಟು ಪಿಕ್ಸೆಲ್ ಅಂದ್ರೆ ಇಷ್ಟು ಮಿ.ಮೀ. ಅಂತ ಹೇಳಿಕೊಟ್ರಿ. ಆಮೇಲೆ 10 ಎತ್ತರದ ಬುಷ್ ಇಟ್ರೆ ಮೈಕ್ರೋಮೀಟರ್ 20.00 ಅನ್ನುತ್ತೆ, ಕ್ಯಾಮೆರಾ 19.80 ಅನ್ನುತ್ತೆ.

ಲೆನ್ಸಿಂದ ಮಾಸ್ಟರ್‌ನ ಮೇಲಂಚಿಗೆ 200 ಮಿ.ಮೀ. ಅಂದ್ರಲ್ಲ, ಗಿಡ್ಡ ಬುಷ್ಷಿಗೆ ಅದು 202 ಆಯ್ತು. 20ನ್ನ 200ರಿಂದ ಗುಣಿಸಿ 202ರಿಂದ ಭಾಗಿಸಿ ನೋಡಿ, 19.80 ಬರುತ್ತೆ. ದೂರ ಹೋದದ್ದು ಚಿಕ್ಕದಾಗಿ ಕಂಡಿದೆ, ಅಷ್ಟೇ.

"ಆದ್ರೆ ಇಮೇಜ್ ಫುಲ್ ಶಾರ್ಪ್ ಇತ್ತು" ಅಂತ ಕೇಳಿದ್ದೀರಿ. ಎಲ್ಲರೂ ಎಡವೋದು ಇಲ್ಲೇ. ಎಫ್ 8ರಲ್ಲಿ ನಿಮ್ಮ ಸೆಟಪ್ಪಿಗೆ ಲೆಕ್ಕ ಹಾಕಿದೆ (ಎಫ್ ಅಂದ್ರೆ ಲೆನ್ಸಿನ ಬೆಳಕಿನ ಕಿಂಡಿ, ಅಪರ್ಚರ್, ಎಷ್ಟು ತೆರೆದಿದೆ ಅನ್ನೋ ನಂಬರು; ನಂಬರ್ ಹೆಚ್ಚಾದಷ್ಟೂ ಕಿಂಡಿ ಚಿಕ್ಕದು). 3.45 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು) ಪಿಕ್ಸೆಲ್ಲು, ಎರಡು ಪಿಕ್ಸೆಲ್ ಮಸುಕಾದ್ರೂ ಪರವಾಗಿಲ್ಲ ಅಂದ್ಕೊಂಡ್ರೆ ಮೇಲೆ ಕೆಳಗೆ ಸೇರಿ ಸುಮಾರು 6 ಮಿ.ಮೀ. ತನಕ ಶಾರ್ಪಾಗೇ ಕಾಣುತ್ತೆ. 2 ಮಿ.ಮೀ. ವ್ಯತ್ಯಾಸ ಅದ್ರೊಳಗೆ ಸದ್ದಿಲ್ಲದೆ ಅಡಗಿ ಕೂತಿದೆ. ಅಳತೆ ಮಾತ್ರ ಕೆಟ್ಟಿದೆ.

ದುಡ್ಡು ಖರ್ಚು ಮಾಡೋ ಮುಂಚೆ ಒಂದು ಕೆಲಸ ಮಾಡಿ. ಬುಷ್ಷಿಗಿಂತ ಚಿಕ್ಕ ವ್ಯಾಸದ, ಎರಡೂ ಮುಖ ಗ್ರೈಂಡ್ ಆದ 2 ಮಿ.ಮೀ. ವಾಷರನ್ನ ಗಿಡ್ಡ ಬುಷ್ಷಿನ ಕೆಳಗಿಟ್ಟು ಅಳೀರಿ. 20.00 ಆಸುಪಾಸಿಗೆ ಬರ್ಲೇಬೇಕು. ವಾಷರ್ ದಪ್ಪ 0.05 ಹೆಚ್ಚುಕಮ್ಮಿ ಇದ್ರೂ ವ್ಯಾಸದಲ್ಲಿ ತಪ್ಪೋದು 5 ಮೈಕ್ರಾನು. ನಿಮ್ಮ ಟಾಲರೆನ್ಸ್, ಅಂದ್ರೆ ವ್ಯಾಸದಲ್ಲಿ ಒಪ್ಪೋ ಹೆಚ್ಚುಕಮ್ಮಿ, ಪ್ಲಸ್ ಮೈನಸ್ 0.05 ಮಿ.ಮೀ. ಆದ್ರಿಂದ ನಡೆಯುತ್ತೆ. ಪ್ರತಿ ಎತ್ತರಕ್ಕೂ ಒಂದೊಂದು ವಾಷರ್ ಮಾಡಿ, ನಂಬರ್ ಪಂಚ್ ಮಾಡಿಟ್ಕೊಳ್ಳಿ.

ಇನ್ನು ಫೋಕಸ್ ರಿಂಗು. ಗಿಡ್ಡ ಬುಷ್ ಇಟ್ಟಾಗ ಅದನ್ನ ತಿರುಗಿಸೋಕೆ ಹೋಗ್ಬೇಡಿ. ರಿಂಗ್ ತಿರುಗಿದ್ರೆ ವರ್ಧನೆಯೂ ಬದಲಾಗುತ್ತೆ, ಹಳೇ ಕ್ಯಾಲಿಬ್ರೇಷನ್ ಅಲ್ಲಿಗೆ ಮುಗೀತು. ಅಂತರಸನಹಳ್ಳಿಯ ನಮ್ಮ ಶೆಡ್ಡಲ್ಲಿ ಹುಡುಗ ಲೆನ್ಸ್ ಒರೆಸೋವಾಗ ರಿಂಗ್ ಕೂದಲೆಳೆಯಷ್ಟು ಸರಿದು, ಒಂದಿಡೀ ಶಿಫ್ಟಿನ ಒಳ್ಳೇ ಮಾಲು ರಿಜೆಕ್ಟ್ ಡಬ್ಬಿಗೆ ಹೋಗಿತ್ತು. ಅವತ್ತಿಂದ ಲಾಕ್ ಸ್ಕ್ರೂ ಮೇಲೆ ಪೇಂಟ್ ಚುಕ್ಕೆ ಇಟ್ಟಿದ್ದೀನಿ. ಮಾಲಿನ ನೆರಳನ್ನ ದೊಡ್ಡದು ಮಾಡಿ ಪರದೆ ಮೇಲೆ ತೋರಿಸೋ ಹಳೇ ಪ್ರೊಫೈಲ್ ಪ್ರೊಜೆಕ್ಟರ್ ನೋಡಿರ್ತೀರಲ್ಲ, ಅಲ್ಲಿ ಫೋಕಸ್ ಮಾಡೋಕೆ ಟೇಬಲ್ಲನ್ನೇ ಏರಿಸಿ ಇಳಿಸ್ತೀವಿ. ಇಲ್ಲೂ ಅದೇ ಮಾಡಿ. ಫೋಕಸ್ ನೋಡೋವಾಗ ಅಪರ್ಚರ್ ಪೂರ್ತಿ ತೆರೀರಿ, ಆಗ ಶಾರ್ಪ್ ಜಾಗ ಕಿರಿದಾಗಿ ತಪ್ಪು ಬೇಗ ಗೊತ್ತಾಗುತ್ತೆ. ಆಮೇಲೆ ವಾಪಸ್ ಎಫ್ 8ಕ್ಕೆ ತನ್ನಿ. ಎಫ್ 16ಕ್ಕೆ ಹೋಗ್ಬೇಡಿ, ಬೆಳಕಿನ ಚುಕ್ಕೆ ಆರು ಪಿಕ್ಸೆಲ್‌ನಷ್ಟು ಹರಡಿ ಅಂಚು ಮಸುಕಾಗುತ್ತೆ. ಬುಷ್ಷಿಗೆ ಚ್ಯಾಂಫರ್ (ಅಂಚನ್ನ ಓರೆಯಾಗಿ ಕತ್ತರಿಸಿದ ಭಾಗ) ಇದ್ರೆ ಫೋಕಸ್ ಆಗಬೇಕಾದ್ದು ಚ್ಯಾಂಫರ್ ಮುಗಿದು ಪೂರ್ತಿ ವ್ಯಾಸ ಶುರುವಾಗೋ ಗೆರೆ. ಮೇಲ್ಮುಖದ ಟೂಲ್ ಮಾರ್ಕ್ ಚೆನ್ನಾಗಿ ಕಾಣ್ತಿದೆ ಅಂತ ಅಲ್ಲಿಗೆ ಫೋಕಸ್ ಮಾಡಿ ಕೂರ್ಬೇಡಿ.

ಲೆನ್ಸ್ ಯಾವುದು ತಗೊಳ್ಳಲಿ ಅಂದ್ರಿ. 50 ಮಿ.ಮೀ. ಹಾಕಿ ಕ್ಯಾಮೆರಾನ 400 ದೂರಕ್ಕೆ ಏರಿಸಿದ್ರೆ ಕಾಣೋ ಜಾಗ ಈಗಿನಷ್ಟೇ ಇರುತ್ತೆ, 0.2 ತಪ್ಪು 0.1 ಆಗುತ್ತೆ. ಅರ್ಧ ಹೋಯ್ತು, ಅರ್ಧ ಉಳೀತು. ಬೇರೆ ಬೇರೆ ಎತ್ತರದ ಮಾಲು ದಿನಾ ಬರುತ್ತೆ ಅಂದ್ರೆ ಟೆಲಿಸೆಂಟ್ರಿಕ್ ಲೆನ್ಸೇ ಸರಿ. ಅದು ತನ್ನ ಅಕ್ಷಕ್ಕೆ ಸಮಾನಾಂತರವಾಗಿ ಬಂದ ಕಿರಣಗಳನ್ನ ಮಾತ್ರ ತಗೊಳ್ಳೋದ್ರಿಂದ ಹತ್ತಿರ ದೂರ ಆದ್ರೂ ಗಾತ್ರ ಹೆಚ್ಚುಕಮ್ಮಿ ಬದಲಾಗಲ್ಲ. ತೊಂದರೆ ಏನಂದ್ರೆ ಮುಂದಿನ ಗಾಜು ಮಾಲಿಗಿಂತ ದೊಡ್ಡದಿರಬೇಕು, ದೂರ ಫಿಕ್ಸು, ಬೆಲೆ ಹತ್ತಾರು ಸಾವಿರ. ಎರಡೇ ಎತ್ತರಕ್ಕೆ ನಾನಂತೂ ತಗೊಳ್ಳಲ್ಲ.

ಬೆಳಕಿಗೆ ತಕ್ಕಂತೆ ಕ್ಯಾಮೆರಾ ತಾನೇ ಹೊಂದಿಸ್ಕೊಳ್ಳೋ ಆಟೋ ಎಕ್ಸ್‌ಪೋಷರ್ ಆಫ್ ಮಾಡಿ. ಬ್ಯಾಕ್‌ಲೈಟ್ ಜಾಸ್ತಿಯಾದ್ರೆ ಬೆಳಕು ಅಂಚನ್ನ ತಿಂದು ಬುಷ್ ಸಣ್ಣದಾಗಿ ಕಾಣುತ್ತೆ. ಹಿನ್ನೆಲೆಯ ಹೊಳಪು 255ಕ್ಕೆ (ಪೂರ್ತಿ ಬಿಳಿಗೆ) ಮುಟ್ಟದೆ 200ರ ಹತ್ತಿರ ಇರಲಿ. ಕಟಿಂಗ್ ಆಯಿಲ್ ಒರೆಸಿ, ಅದೂ ಅಳತೆಗೆ ಸೇರ್ಕೊಳ್ಳುತ್ತೆ. ತುಮಕೂರಿನ ಬಿಸಿಲಿಗೆ ಹೆದರಬೇಡಿ. 20 ಮಿ.ಮೀ. ಸ್ಟೀಲು 15 ಡಿಗ್ರಿ ಏರಿದ್ರೆ ಹಿಗ್ಗೋದು ಮೂರೂವರೆ ಮೈಕ್ರಾನು.

ಲೆನ್ಸು ಚಿತ್ರವನ್ನ ಎಷ್ಟು ಬಗ್ಗಿಸುತ್ತೆ ಅಂತ ನೋಡೋಕೆ ನನ್ನ ಹತ್ರ ಚುಕ್ಕೆ ಗ್ರಿಡ್ಡಿನ ಗಾಜಿದೆ. ಅಂತರಸನಹಳ್ಳಿ ಕಡೆ ಬಂದ್ರೆ ತಗೊಂಡೋಗಿ, ಬೆರಳು ಮಾತ್ರ ತಾಗಿಸ್ಬೇಡಿ. ಅದನ್ನೂ ಬುಷ್ಷಿನ ಮೇಲಂಚಿನ ಎತ್ತರಕ್ಕೇ ಏರಿಸಿ ಇಡಿ, ಬ್ಯಾಕ್‌ಲೈಟ್ ಮೇಲೆ ಹಾಗೇ ಮಲಗಿಸಿದ್ರೆ ಮತ್ತೆ ಇದೇ ಕಥೆ.